ಮರ್ಯಾದೆಯ ಎಂಟು

ಮಳೆ ಹಿಂದೆ ಸರಿದು, ಕೊಚ್ಚಿಯ ವೈಟ್ಟಿಲ ಜಂಕ್ಷನ್ನಿನ ಹೊಂಡಗಳು ಒಣಗಿ, ಬಸ್ಸುಗಳ ಹಿಂದೆ ಮತ್ತೆ ಧೂಳು ಏಳತೊಡಗಿದ ದಿನಗಳಲ್ಲಿ ಸಿಂಚನಾ ನಮ್ಮ ಮನೆಗೆ ಬಂದಳು. ೨೦೦೭ನೇ ಇಸವಿ. ಅವಳ ಅಪ್ಪ ವಸಂತ ಮೈಸೂರಿನ ಬ್ಯಾಂಕಿನಲ್ಲಿ ನನ್ನ ಗಂಡ ಮೋಹನರ ಜೊತೆ ಕೆಲಸ ಮಾಡಿದವರು. ಮಗಳು ತಿರುವನಂತಪುರದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಾಳೆ, ಕೊಚ್ಚಿಯಲ್ಲಿ ಕೆಲವು ವಾರ ಮನೆಮನೆ ತಿರುಗುವ ಕೆಲಸವಿದೆ, ಹಾಸ್ಟೆಲಿನಲ್ಲಿ ಬಿಡಲು ಮನಸ್ಸಿಲ್ಲ ಎಂದು ಫೋನ್ ಮಾಡಿದ್ದರು. ಮೋಹನ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು.

"ಬರ್ಲಿ. ಒಂದು ಚಾಪೆ ಹೆಚ್ಚು ಹಾಸಿದ್ರೆ ಆಯ್ತು," ಎಂದೆ.

ಬಂದವಳು ನನ್ನನ್ನು ಆಂಟಿ ಎಂದಳು. ನನಗೆ ಅದು ಹಿಡಿಸಲಿಲ್ಲ. "ಅಕ್ಕ ಅನ್ನು ಮಾರಾಯ್ತಿ, ನಾನು ಅಷ್ಟೆಲ್ಲ ಮುದುಕಿ ಆಗ್ಲಿಲ್ಲ," ಎಂದೆ. ಮೋಹನರನ್ನು ಅವಳು ಅಂಕಲ್ ಎಂದೇ ಕರೆದಳು. "ಇವಳು ಅಕ್ಕ, ನಾನು ಅಂಕಲ್. ಈ ಲೆಕ್ಕ ಯಾವ ಬ್ಯಾಂಕಿನಲ್ಲಿಯೂ ಟ್ಯಾಲಿ ಆಗುದಿಲ್ಲ," ಎಂದು ಅವರು ಊಟದ ತನಕ ಗೊಣಗಿದರು.

ಆ ರಾತ್ರಿ ಊಟಕ್ಕೆ ಕೂತಾಗ ಅವರೇ ಕೇಳಿದರು, "ನಿನ್ನದು ಎಂತ ರಿಸರ್ಚು?"

"ಸಂತೋಷ ಅಳೀತೀನಿ ಅಂಕಲ್."

"ಸೇರಿನಲ್ಲಾ, ಲೀಟರಿನಲ್ಲಾ?"

"ಹತ್ತರಲ್ಲಿ ಎಷ್ಟು ಅಂತ," ಎಂದಳು ನಗದೆ. ಆಮೇಲೆ ಬಿಡಿಸಿ ಹೇಳಿದಳು. ಒಂದು ರಸ್ತೆ ಅಗಲ ಮಾಡುವಾಗ ಸಿಮೆಂಟಿಗೆ ಇಷ್ಟು, ಜಲ್ಲಿಗೆ ಇಷ್ಟು, ಜಾಗಕ್ಕೆ ಇಷ್ಟು ಎಂದು ಬರೆಯುತ್ತಾರೆ. ಆ ರಸ್ತೆಯ ಬದಿಯಲ್ಲಿ ಕೆಡುವ ಗಾಳಿಗೆ ಏನೂ ಬರೆಯುವುದಿಲ್ಲ. ಗಾಳಿ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ, ಹಾಗಾಗಿ ಅದರ ಮುಂದೆ ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ಇರಬೇಕಾದ ಅಂಕಿ ಯಾವುದು ಎಂದು ಹುಡುಕುವುದು ಅವಳ ಕೆಲಸ.

"ಒಳ್ಳೆ ಗಾಳಿಗೆ ಎಷ್ಟು ಕೊಡ್ತೀರಿ ಅಂತ ಜನರನ್ನೇ ಕೇಳಿದ್ರಾಯ್ತಲ್ಲ?" ಎಂದೆ.

"ಕೇಳಬಾರದು ಅಕ್ಕ. ಸರ್ಕಾರ ದುಡ್ಡು ಕೇಳಕ್ಕೆ ಬಂದಿದೆ ಅಂದ್ಕೊಂಡ್ರೆ ಕಮ್ಮಿ ಹೇಳ್ತಾರೆ, ಕೊಡಕ್ಕೆ ಬಂದಿದೆ ಅಂದ್ಕೊಂಡ್ರೆ ಜಾಸ್ತಿ ಹೇಳ್ತಾರೆ. ಅದಕ್ಕೇ ಗಾಳಿ ಅನ್ನೋ ಮಾತೇ ಎತ್ತಲ್ಲ. ಮನೆಗೆ ಬರೋ ಆದಾಯ ಎಷ್ಟು, ಬದುಕು ಹತ್ತರಲ್ಲಿ ಎಷ್ಟು ಸುಖವಾಗಿದೆ, ಅಷ್ಟೇ ಕೇಳ್ತೀನಿ. ಧೂಳನ್ನ ಬೇರೆ ಹುಡುಗರು ಯಂತ್ರ ಇಟ್ಟು ಅಳೀತಾರೆ. ಎರಡನ್ನೂ ಆಮೇಲೆ ಜೋಡಿಸ್ತೀನಿ."

ನನಗೆ ಆ ಜೋಡಣೆ ತಿಳಿದದ್ದು ಮರುದಿನ, ಒಲೆಯ ಮುಂದೆ. ಸಾಂಬಾರಿಗೆ ಹುಳಿ ಹೆಚ್ಚಾಗಿತ್ತು. ಬೆಲ್ಲ ಹಾಕಿ ರುಚಿ ನೋಡಿದೆ, ಇನ್ನಷ್ಟು ಹಾಕಿದೆ. ಆಗ ಹೊಳೆದು ಅವಳನ್ನು ಕರೆದೆ. "ಹುಳಿ ಎಷ್ಟು ಹೆಚ್ಚಾಗಿದೆ ಅಂತ ನನಗೆ ಗೊತ್ತಿಲ್ಲ. ಆದ್ರೆ ಅದನ್ನು ಸರಿ ಮಾಡ್ಲಿಕ್ಕೆ ಎಷ್ಟು ಬೆಲ್ಲ ಬೇಕಾಯ್ತು ಅಂತ ಗೊತ್ತುಂಟು. ನಿನ್ನ ಧೂಳು ಹುಳಿ, ಸಂಬಳ ಬೆಲ್ಲ. ಅಲ್ವಾ?"

ಸಿಂಚನಾ ಸೌಟು ಹಿಡಿದಿದ್ದ ನನ್ನ ಕೈಯನ್ನೇ ನೋಡಿದಳು. "ಅಕ್ಕ, ಇದನ್ನ ನಾನು ಕದೀತೀನಿ," ಎಂದಳು.

ನಾವಿದ್ದ ಫ್ಲ್ಯಾಟು ಮೊದಲನೇ ಮಹಡಿಯಲ್ಲಿ, ಮುಖ ರಸ್ತೆಗೆ. ಬಸ್ಸುಗಳು ಜಂಕ್ಷನ್ನಿಗೆ ಮೊದಲು ನಿಂತು ಉಸಿರು ಬಿಡುವುದು ಸರಿಯಾಗಿ ನಮ್ಮ ಕಿಟಕಿಯ ಕೆಳಗೆ. ಏಳು ವರ್ಷದ ಮಗಳು ಸಂಹಿತಾಳಿಗೆ ಬೆಳಗಿನ ಹೊತ್ತು ಕೆಮ್ಮು. ಆ ಬದಿಯ ಕಿಟಕಿಯ ಸಂದುಗಳಿಗೆ ನಾನು ಹಳೆಯ ಸೀರೆ ತುರುಕಿ ಇಟ್ಟಿದ್ದೆ. ನಮ್ಮ ಸಾಲಿನ ಹಿಂದೆ, ಗದ್ದೆಗೆ ಮಣ್ಣು ತುಂಬಿಸಿದ ಜಾಗ ದಾಟಿದರೆ ತೋಡು, ಎಂದರೆ ಕಾಲುವೆ. ಅದರ ಬದಿಯಲ್ಲೂ ನಮ್ಮಂಥ ಸಂಬಳದವರ ಮನೆಗಳೇ. ಅಲ್ಲಿ ಬಟ್ಟೆ ಒಣಹಾಕಿದರೆ ಬೆಳ್ಳಗೇ ಇರುತ್ತದೆ. ಸಿಂಚನಾ ಆರಿಸಿದ್ದು ಈ ಎರಡು ಸಾಲುಗಳನ್ನು, ನಗರದ ಇನ್ನೊಂದು ಕಡೆ ಕಲೂರಿನಲ್ಲಿ ಇಂಥದ್ದೇ ಇನ್ನೆರಡನ್ನು. ಎಲ್ಲ ಮನೆಗಳಲ್ಲೂ ಕೇಳುವುದು ಹೆಂಗಸರನ್ನು, ಏಕೆಂದರೆ ಹಗಲಿಡೀ ಆ ಗಾಳಿಯಲ್ಲಿ ಇರುವವರು ಅವರು.

ಅವಳ ಮಲಯಾಳ ತಡವರಿಸುತ್ತಿತ್ತು. ಸಂಹಿತಾ ಶಾಲೆಗೆ ಹೋದ ಮೇಲೆ ನಾನು ಜೊತೆಗೆ ಹೋಗತೊಡಗಿದೆ. ಮೊದಲ ಮನೆ ನಮ್ಮದೇ ಮಹಡಿಯ ಎದುರು ಬಾಗಿಲಿನ ಗ್ರೇಸಿಯದು. ಗ್ರೇಸಿ ತ್ರಿಶೂರಿನ ಕಡೆಯವಳು, ನನಗಿಂತ ತುಸು ದೊಡ್ಡವಳು, ಗಂಡ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನ ಸರಕಿನ ಕಂಪೆನಿಯಲ್ಲಿ. ನಮ್ಮಿಬ್ಬರ ಮಾತು ಮಲಯಾಳದಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಸೋಫಾದ ಮೇಲಿನ ಬಟ್ಟೆ ಸರಿ ಮಾಡಿದಳು, ಚಹಾ ತಂದಳು, ಉಪ್ಪೇರಿ ಎಂಬ ಬಾಳೆಕಾಯಿ ಚಿಪ್ಸ್ ತಂದಳು. ಸಿಂಚನಾ ಕುಡಿದು, ತಿಂದು, ಕೇಳಿದಳು.

"ಎಂಟು," ಎಂದಳು ಗ್ರೇಸಿ ನಗುತ್ತ.

ಪಕ್ಕದ ಮನೆಯ ಆಯೇಷಾ ಎಂಟು. ಮೇಲಿನ ಮನೆಯವರು ಎಂಟು. ತೋಡಿನ ಬದಿಯಲ್ಲಿ ಎಂಟು. ಕಲೂರಿನಲ್ಲಿ ಒಬ್ಬರು ಏಳು ಎಂದು, ಒಳಗಿನಿಂದ ಅತ್ತೆ ಕೆಮ್ಮಿದ ಕೂಡಲೇ ಎಂಟು ಮಾಡಿದರು. ಎಲ್ಲ ಕಡೆ ಚಹಾ, ಎಲ್ಲ ಕಡೆ ನಗು. ಹುಡುಗಿಯ ಕೆಲಸ ಸಲೀಸಾಗಿ ಆಗುತ್ತಿದೆ ಎಂದು ನಾನು ಖುಷಿಯಲ್ಲೇ ಇದ್ದೆ.

ಮನೆಗಳೆಲ್ಲ ಮುಗಿದ ದಿನ ಅವಳು ಲ್ಯಾಪ್‌ಟಾಪಿನ ಮುಂದೆ ಕೂತವಳು ಏಳಲೇ ಇಲ್ಲ. ತಿಂಡಿಗೆ ಕರೆದರೂ ಬರಲಿಲ್ಲ. ಹೋಗಿ ನೋಡಿದರೆ ಪರದೆಯ ಮೇಲೆ ಚುಕ್ಕಿಗಳು ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ಒಂದೇ ಸಾಲಿನಲ್ಲಿದ್ದವು.

"ರಸ್ತೆ ಬದೀಲೂ ಎಂಟು, ತೋಡಿನ ಬದೀಲೂ ಎಂಟು. ಸಂಬಳ ಜಾಸ್ತಿ ಇರೋರೂ ಎಂಟು, ಕಮ್ಮಿ ಇರೋರೂ ಎಂಟು. ಇದರ ಪ್ರಕಾರ ಗಾಳಿಗೆ ಬೆಲೆ ಇಲ್ಲ ಅಕ್ಕ. ದುಡ್ಡಿಗೂ ಬೆಲೆ ಇಲ್ಲ."

ಅವಳ ಗೈಡ್ ಓಂಕಾರಪ್ಪನವರು ಗದಗದ ಕಡೆಯವರು, ತಿರುವನಂತಪುರದಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ಸಂಜೆ ಅವರ ಫೋನ್ ಬಂತು. ಅವರ ದನಿ ಅಡುಗೆಮನೆಯ ತನಕ ಕೇಳುತ್ತಿತ್ತು. "ಏನವಾ ಇದು, ಎಲ್ಲಾ ಎಂಟು ಬಂದಾವಲ್ಲ? ಕೊಚ್ಚಿ ಮಂದಿ ಎಲ್ಲಾ ಕೂಡಿ ಮೀಟಿಂಗ್ ಮಾಡಿ ಹೇಳ್ಯಾರೇನು? ಕ್ರಿಸ್‌ಮಸ್ ಮುಗದ ಮ್ಯಾಲೆ ಸೆಮಿನಾರ್ ಐತಿ. ಅಷ್ಟರೊಳಗ ಇದು ಸರಿ ಆಗಲಿಲ್ಲಂದ್ರ ಈ ಅಧ್ಯಾಯ ತಗದುಬಿಡೋಣು. ಬ್ಯಾರೆ ವಿಷಯ ನೋಡು."

ಎರಡು ವರ್ಷ ಅವಳು ಇದಕ್ಕಾಗಿ ಓದಿದ್ದಳು. ಈ ಅಧ್ಯಾಯ ಹೋದರೆ ಉಳಿಯುವುದು ಬೇರೆಯವರ ಅಂಕಿಗಳ ಮೇಲೆ ಬರೆದ ನಾಲ್ಕು ಪುಟ ಎಂದು ಅವಳೇ ಹೇಳಿದ್ದಳು. ಅಂದು ಅಳಲಿಲ್ಲ. ತಟ್ಟೆ ತೊಳೆಯುತ್ತಿದ್ದ ನನ್ನ ಪಕ್ಕ ಬಂದು ನಿಂತು, "ಅಕ್ಕ, ಎಂಟೇ ಯಾಕೆ?" ಎಂದಳು.

ನನಗೆ ಅದರಲ್ಲಿ ಕೇಳುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ. "ಮತ್ತೆಂತ ಹೇಳುದು? ಹತ್ತು ಅಂದ್ರೆ ಕಣ್ಣು ಬೀಳ್ತದೆ. ಐದು ಅಂದ್ರೆ ಗಂಡನ ಮರ್ಯಾದೆ ಹೋಗ್ತದೆ. ಚಹಾ ಕುಡಿಯುವ ನೆಂಟರ ಎದುರು ಯಾರಾದ್ರೂ ದುಃಖ ಹೇಳ್ತಾರಾ? ಸುಖವಾ ಅಂದ್ರೆ ಸುಖ. ಮುಗೀತು."

"ಎಂಟು ಅನ್ನೋದು ಮರ್ಯಾದೆ."

"ಹೌದು. ಉಪ್ಪೇರಿ ಕೊಟ್ಟ ಹಾಗೆ."

"ಅಂದ್ರೆ ನಾನು ನೆಂಟಳಾಗಿ ಹೋಗಿದ್ದೇ ತಪ್ಪು," ಎಂದಳು. ಅವಳು ಜನರನ್ನು ದೂರಲಿಲ್ಲ, ಸುಳ್ಳು ಹೇಳಿದರು ಎನ್ನಲಿಲ್ಲ. ನನಗೆ ಅವಳ ಮೇಲೆ ನಿಜವಾದ ಗೌರವ ಹುಟ್ಟಿದ್ದು ಅಲ್ಲಿ.

ನೆಂಟಳಾಗದೆ ಹೇಗೆ ಹೋಗುವುದು ಎಂಬುದು ಮಾತ್ರ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅದು ತಾನಾಗಿ ಬಂತು, ಶನಿವಾರ, ಬುಟ್ಟಿಯಲ್ಲಿ.

ಗ್ರೇಸಿಯ ಮನೆಗೆ ಭಾನುವಾರ ನಾದಿನಿಯ ಸಂಸಾರ ಬರುವುದಿತ್ತು. ಅವಳು ತೀಯಲ್ ಎಂಬ ಹುಳಿಗೆಂದು ಒಂದು ಬುಟ್ಟಿ ಸಣ್ಣ ನೀರುಳ್ಳಿ ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ಒಬ್ಬಳೇ ಕೂತು ಸುಲಿದರೆ ಮುಗಿಯುವ ಕೆಲಸವಲ್ಲ ಅದು. ಇಲ್ಲಿನ ಹೆಂಗಸರು ಬುಟ್ಟಿ ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಾರೆ. ನಾವು ನೆಲದ ಮೇಲೆ ಕೂತೆವು. ಸಿಂಚನಾ ತಾನೂ ಒಂದು ಚಾಕು ಹಿಡಿದು ಕೂತಳು. ಚಹಾ ಇಲ್ಲ, ಸೋಫಾ ಇಲ್ಲ, ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಸಿಪ್ಪೆ ಹಾರುತ್ತಿತ್ತು. ಮೂವರ ಕಣ್ಣಲ್ಲೂ ನೀರು.

ಆಡುತ್ತಿದ್ದ ಸಂಹಿತಾ ಬಾಗಿಲಲ್ಲಿ ಬಂದು ನಿಂತಳು. ನಮ್ಮ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಮಲಯಾಳ. "ಅಮ್ಮೇ, ಚೇಚಿ ಎಂದಿನಾ ಕರಯುನ್ನದ್?" ಅಕ್ಕ ಯಾಕೆ ಅಳುವುದು ಎಂದು.

"ಅಳುದಲ್ಲ ಮಗಾ, ಉಳ್ಳಿ," ಎಂದೆ.

ಸಿಂಚನಾ ಕೈಯ ಉಳ್ಳಿಯಿಂದ ಕಣ್ಣೆತ್ತದೆ, ತನ್ನ ಮುರುಕು ಮಲಯಾಳದಲ್ಲಿ ಕೇಳಿದಳು, "ಚೇಚಿ, ಅವತ್ತು ಕೇಳಿದೆನಲ್ಲ, ಹತ್ತರಲ್ಲಿ ಎಷ್ಟು ಅಂತ. ಈಗಲೂ ಎಂಟೇನಾ?"

ಗ್ರೇಸಿಯ ಚಾಕು ನಿಲ್ಲಲಿಲ್ಲ. ಅವಳು ಸುಲಿದ ಉಳ್ಳಿಯನ್ನು ಪಾತ್ರೆಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು.

"ನಾಲ್ಕು."

ಅಷ್ಟು ವರ್ಷದ ನೆರೆಯವಳು. ಅವಳ ಮನೆಯಲ್ಲಿ ನಾಲ್ಕು ಇದೆಯೆಂದು ನನಗೆ ಗೊತ್ತಿರಲಿಲ್ಲ. ಯಾಕೆ ಎಂದು ಕೇಳಲು ನನ್ನ ಬಾಯಿ ತೆರೆಯಿತು. ಸಿಂಚನಾ ಮೊಣಕಾಲಿನಿಂದ ನನ್ನ ಮೊಣಕಾಲನ್ನು ಮೆಲ್ಲಗೆ ಒತ್ತಿದಳು. ನಾನು ಬಾಯಿ ಮುಚ್ಚಿದೆ.

ಸ್ವಲ್ಪ ಹೊತ್ತಿನ ಮೇಲೆ ಗ್ರೇಸಿಯೇ, "ಯಾಕೆ ಅಂತ ನನಗೂ ಗೊತ್ತಿಲ್ಲ ಮಗಳೇ. ಎಲ್ಲಾ ಇದೆ. ಬೆಳಿಗ್ಗೆ ಏಳುವಾಗಲೇ ಸುಸ್ತು," ಎಂದಳು. ಹಿಂಗೈಯಿಂದ ಕಣ್ಣು ಒರೆಸಿಕೊಂಡು, "ಹಾಳು ಉಳ್ಳಿ," ಎಂದಳು.

ಅವಳು ಹೋದ ಮೇಲೆ ಸಿಂಚನಾ ಎದ್ದು ನಿಂತಳು. "ಅಕ್ಕ, ಮತ್ತೆ ಮೊದಲಿಂದ ಮಾಡ್ತೀನಿ. ಎಲ್ಲಾ ಮನೆ."

"ಕ್ರಿಸ್‌ಮಸ್ ಬಂತಲ್ಲ ಮಾರಾಯ್ತಿ!"

"ಬರಲಿ."

ಮಾಡಿದಳು. ಕಲೂರಿನ ಮಾರ್ಕೆಟಿನಿಂದ ಸಣ್ಣ ನೀರುಳ್ಳಿ ಹೊತ್ತು ತಂದಳು. ಒಂದೇ ಅಂಗಡಿಯದು, ಒಂದೇ ರಾಶಿಯದು. ಪ್ರತಿ ಮನೆಗೂ ಒಂದೇ ಅಳತೆಯ ಒಂದೊಂದು ಪೊಟ್ಟಣ. ಸಂಜೆಯ ಅಡುಗೆ ಶುರುವಾಗುವ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಹೋಗಿ, "ಚೇಚಿ, ಚಹಾ ಬೇಡ, ಇದನ್ನ ಸುಲಿದುಕೊಡ್ತೀನಿ, ಕೂತ್ಕೊಳ್ಳಲಾ?" ಎನ್ನುತ್ತಿದ್ದಳು. ಜೊತೆಗೆ ಕೂತು ಸುಲಿಯುವುದು, ಅರ್ಧ ಪೊಟ್ಟಣ ಮುಗಿದ ಮೇಲೆ ಕೇಳುವುದು, ಉತ್ತರ ಬಂದ ಮೇಲೂ ಏಳದೆ ಪೂರ್ತಿ ಸುಲಿದು ಕೊಟ್ಟು ಬರುವುದು. ಎಲ್ಲರಿಗೂ ಹೀಗೇ, ಒಂದು ಮನೆಯಲ್ಲೂ ವ್ಯತ್ಯಾಸವಿಲ್ಲ. ಈ ಸಲ ನನ್ನನ್ನು ಒಳಗೆ ಕರೆದುಕೊಂಡು ಹೋಗಲಿಲ್ಲ. "ನೀವು ನೆರೆಯವರು ಅಕ್ಕ. ನಿಮ್ಮೆದುರು ನಾಲ್ಕು ಹೇಳೋದು ಕಷ್ಟ. ಗ್ರೇಸಿ ಚೇಚಿ ಹೇಳಿದ್ದು ನಿಮ್ಮ ಮೇಲಿನ ಪ್ರೀತಿಗೆ." ಮಲಯಾಳದಲ್ಲಿ ಕೇಳಬೇಕಾದ ಮಾತನ್ನು ನನ್ನಿಂದ ಬಾಯಿಪಾಠ ಮಾಡಿಸಿಕೊಂಡಳು, ನನ್ನ ಮಗಳು ಅವಳ ಉಚ್ಚಾರಣೆ ತಿದ್ದಿದಳು.

ರಸ್ತೆಯಲ್ಲಿ ಮಕ್ಕಳು ಅವಳನ್ನು ಉಳ್ಳಿ ಚೇಚಿ ಎಂದು ಕರೆಯತೊಡಗಿದರು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಅವಳ ಬೆರಳ ತುದಿಗಳು ಕಪ್ಪಾದವು. ರಾತ್ರಿ ನಾನು ತೆಂಗಿನೆಣ್ಣೆ ಹಚ್ಚುತ್ತಿದ್ದೆ. ಯಾರ ಮನೆಯಲ್ಲಿ ಎಷ್ಟು ಎಂದು ಒಂದು ದಿನವೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕೇಳಬೇಕೆನಿಸುತ್ತಿತ್ತು, ಅದು ಬೇರೆ.

ಮೋಹನ ರೇಗಿಸುತ್ತಿದ್ದರು. "ಗಂಡಸರ ಸಂತೋಷ ಯಾರಿಗೂ ಬೇಡವಾ? ನಾನು ಬೇಕಾದ್ರೆ ನೀರುಳ್ಳಿ ಇಲ್ಲದೆಯೇ ಹೇಳ್ತೇನೆ."

"ಗಂಡಸರನ್ನ ಮುಂದಿನವರು ಅಳೀಲಿ ಅಂಕಲ್. ನಂಗೆ ಇವತ್ತು ಇನ್ನೂ ಆರು ಪೊಟ್ಟಣ ಇದೆ."

ಒಮ್ಮೆ ನಾನೇ ಎಂದೆ, "ನನ್ನನ್ನು ಒಂದು ಸಲವೂ ಕೇಳ್ಲಿಲ್ಲ ನೀನು."

"ನಿಮ್ಮ ಮನೆ ಊಟ ಮಾಡ್ತಿದ್ದೀನಿ ಅಕ್ಕ. ನೀವು ನಂಗೆ ಎಂಟೇ ಹೇಳ್ತೀರ," ಎಂದಳು. ನಿಜ.

ಸೆಮಿನಾರಿಗೆ ನನ್ನನ್ನೂ ಕರೆದಳು. ಸಂಹಿತಾಳಿಗೆ ರಜೆ ಇತ್ತು. ಬೆಳಗಿನ ರೈಲು ಹಿಡಿದು ತಿರುವನಂತಪುರ ತಲುಪಿದೆವು. ಅವಳ ಸಂಸ್ಥೆ ಊರಿನ ಏರುತಗ್ಗುಗಳ ಮೇಲೆ, ಮರಗಳ ನಡುವೆ. ಸಂಹಿತಾ ಅಂಗಳದಲ್ಲಿ ಓಡಿದಳು. ಓಡಿದರೂ ಕೆಮ್ಮಲಿಲ್ಲ. ನಾನು ಅದನ್ನು ಯಾರಿಗೂ ಹೇಳದೆ ನೋಡುತ್ತ ನಿಂತಿದ್ದೆ.

ಸಭೆ ನಡೆದದ್ದು ಇಂಗ್ಲಿಷಿನಲ್ಲಿ. ನನಗೆ ತಿಳಿದಷ್ಟು ತಿಳಿಯಿತು. ಸಿಂಚನಾ ಮೊದಲು ಆ ಒಂದೇ ಸಾಲಿನ ಎಂಟುಗಳನ್ನು ತೋರಿಸಿದಳು. ತನ್ನ ತಪ್ಪು ಎಲ್ಲಿತ್ತು ಎಂದು ಎಲ್ಲರೆದುರು ಹೇಳಿದಳು. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಆಮೇಲೆ ಎರಡನೆಯ ಸಲದ ಚಿತ್ರ ಬಂತು. ಚುಕ್ಕಿಗಳು ಈಗ ಮುಗ್ಗರಿಸಿ ಚೆಲ್ಲಿದ ಅಕ್ಕಿಕಾಳಿನ ಹಾಗೆ ಎಲ್ಲೆಡೆ ಹರಡಿದ್ದವು. ಅವುಗಳಲ್ಲಿ ಒಂದು ಗ್ರೇಸಿ. ಯಾವುದೆಂದು ನನಗೆ ಕಾಣಲಿಲ್ಲ. ಕಾಣದಿದ್ದುದೇ ಒಳ್ಳೆಯದಾಯಿತು.

ಓಂಕಾರಪ್ಪನವರು ಎದ್ದರು. ದಪ್ಪ ಕನ್ನಡಕ, ಬಿಳಿ ಅಂಗಿ. ಒಂದೆರಡು ಮಾತು ಇಂಗ್ಲಿಷಿನಲ್ಲಿ ಆಡಿ, ತಾಳ್ಮೆ ತಪ್ಪಿ ಕನ್ನಡಕ್ಕೆ ಇಳಿದರು. "ಉಳ್ಳಾಗಡ್ಡಿ ಹೆಚ್ಚಿ ಅರ್ಥಶಾಸ್ತ್ರ ಮಾಡಾಕ ಹತ್ತೀಯೇನವಾ? ಕಣ್ಣಾಗ ನೀರು ಬಂದ್ರ ಯಾರ್ ಬೇಕಾದ್ರೂ ದುಃಖ ಐತಿ ಅಂತಾರ. ನೀ ಅಳತಿ ಮಾಡಿದ್ದು ಸಂತೋಷನೋ, ಉಳ್ಳಾಗಡ್ಡಿನೋ?"

ಉಳಿದವರಿಗೆ ಮಾತು ತಿಳಿಯದಿದ್ದರೂ ಏಟು ಬಿತ್ತೆಂದು ತಿಳಿಯಿತು. ಎಷ್ಟು ಮನೆ, ಎಷ್ಟು ಪೊಟ್ಟಣ, ಎಷ್ಟು ಸಂಜೆ! ಇದೊಂದು ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಎಲ್ಲವೂ ಸಿಪ್ಪೆ.

ಸಿಂಚನಾ ನೀರು ಕುಡಿಯಲಿಲ್ಲ, ಗಡಿಬಿಡಿ ಮಾಡಲಿಲ್ಲ. "ಇರಬಹುದು ಸರ್," ಎಂದಳು. "ಈರುಳ್ಳಿ ಎಲ್ಲರನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಸಿರಬಹುದು. ಇಳಿಸಲಿ. ಎಲ್ಲರಿಗೂ ಒಂದೇ ಈರುಳ್ಳಿ, ಒಂದೇ ಅಳತೆ, ಒಂದೇ ಹೊತ್ತು. ಇಳಿದಿದ್ರೆ ಎಲ್ಲರೂ ಒಟ್ಟಿಗೆ ಇಳೀಬೇಕು. ಆದರೆ ಅದೇ ಸಂಬಳದಲ್ಲಿ ರಸ್ತೆ ಬದಿಯವರು ತೋಡಿನ ಬದಿಯವರಿಗಿಂತ ಕೆಳಗಿದ್ದಾರೆ. ಈರುಳ್ಳಿ ಎಲ್ಲರಿಗೂ ಒಂದೇ ಇತ್ತು ಸರ್. ರಸ್ತೆ ಒಂದೇ ಇರಲಿಲ್ಲ."

ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಓಂಕಾರಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಪರದೆಯ ಹತ್ತಿರ ಹೋಗಿ ನೋಡಿದರು.

"ಬಸ್ಸಿನ ಸದ್ದೂ ಇರಬಹುದಲ್ಲ? ಬರೇ ಧೂಳು ಅಂತ ಹ್ಯಾಂಗ ಹೇಳ್ತಿ?"

"ಪೂರ್ತಿ ಬೇರೆ ಮಾಡಕ್ಕೆ ನಂಗೆ ಆಗಿಲ್ಲ ಸರ್. ಆಗಿಲ್ಲ ಅಂತಾನೇ ಬರೆದಿದ್ದೀನಿ."

"ಹೂಂ. ಮುಂದ ಹೇಳವಾ," ಎಂದು ಕೂತರು.

ಮುಂದೆ ಅವಳು ನನ್ನ ಸಾಂಬಾರನ್ನು ಹೇಳಿದಳು. ಹುಳಿ, ಬೆಲ್ಲ, ಎರಡನ್ನೂ. ಸಭೆ ನಕ್ಕಿತು, ಈ ಸಲ ಬೇರೆ ರೀತಿಯಲ್ಲಿ. ಕೊನೆಗೆ ಆ ಸೊನ್ನೆಯ ಜಾಗಕ್ಕೆ ತನ್ನ ಅಂಕಿ ಬರೆದಳು: ರಸ್ತೆ ಬದಿಯ ಮನೆಯೊಂದು ತೋಡಿನ ಬದಿಯ ಮನೆಯಷ್ಟೇ ಸುಖವಾಗಿರಬೇಕಾದರೆ ತಿಂಗಳಿಗೆ ಎಷ್ಟು ಹೆಚ್ಚು ಸಂಬಳ ಬೇಕು ಎಂದು. ನಮ್ಮ ಮನೆಯ ತಿಂಗಳ ಅಕ್ಕಿ, ಮೀನು ಎರಡರ ಖರ್ಚಿಗಿಂತ ಅದು ದೊಡ್ಡದಿತ್ತು. ಪರದೆಯ ಮೇಲೆ ಆ ಅಂಕಿಯನ್ನು ನೋಡುತ್ತ ನನಗೆ ಕಿಟಕಿಯ ಸಂದಿಗೆ ತುರುಕಿದ ಹಳೆಯ ಸೀರೆ ನೆನಪಾಯಿತು.

ಕ್ಯಾಂಟೀನಿನಲ್ಲಿ ಓಂಕಾರಪ್ಪನವರು ನಮ್ಮ ಮೇಜಿಗೆ ಬಂದರು. "ತಂಗಿ, ಅಧ್ಯಾಯ ಇರ್ತೈತಿ," ಎಂದು ಸಿಂಚನಾಳಿಗೆ ಹೇಳಿ, ನನ್ನ ಕಡೆ ತಿರುಗಿ, "ಸಾಂಬಾರು ನಿಮ್ಮದಂತ. ಮುಂದಿನ ಸಲ ಹುಳಿ ಕಡಿಮಿ ಹಾಕ್ರಿ, ಬೆಲ್ಲ ಉಳೀತೈತಿ," ಎಂದರು. ಸಿಂಚನಾ ಆಗ ಅತ್ತಳು. ಉಳ್ಳಿ ಇಲ್ಲದೆ. ಸಂಹಿತಾ ಅವಳ ಬೆನ್ನು ಸವರಿ, ಮೊದಲ ಬಾರಿಗೆ ಕನ್ನಡದಲ್ಲೇ, "ಅಳ್ಬೇಡ ಚೇಚಿ," ಎಂದಳು.

ಮರಳಿ ಬಂದ ಮರುದಿನ ಬೆಳಿಗ್ಗೆಯೇ ಗ್ರೇಸಿ ಬುಟ್ಟಿಯೊಂದಿಗೆ ಹಾಜರಾದಳು. "ಹುಡುಗಿ ಪಾಸಾದಳಾ ಹರಿಣಿ?" ಹರಿಣಾಕ್ಷಿ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಯಾವಾಗಲೂ ಅಷ್ಟೇ.

"ಆದಳು."

"ಅವಳು ಕಡೆಗೂ ಹುಡುಕುತ್ತಿದ್ದುದು ಏನು? ನಮ್ಮ ಸುಖ ಕಟ್ಟಿಕೊಂಡು ಅವಳಿಗೇನು?"

ಈಗ ಹೇಳಬಹುದಿತ್ತು. ಗಾಳಿ ಎಂದೆ, ಧೂಳು ಎಂದೆ, ರಸ್ತೆ ಬದಿ ಮತ್ತು ತೋಡಿನ ಬದಿಯ ಮನೆಗಳ ಕಥೆ ಹೇಳಿದೆ. ಗ್ರೇಸಿಯ ಚಾಕು ಮೊದಲ ಸಲ ನಿಂತಿತು. ಅವಳು ತೆರೆದ ಬಾಗಿಲಿನಿಂದ ತನ್ನ ಮನೆಯ ರಸ್ತೆಯ ಕಡೆಯ ಕಿಟಕಿಯನ್ನು ನೋಡಿದಳು.

"ಎನ್ಟೆ ಈಶೋಯೇ," ಎಂದು ಯೇಸುವನ್ನು ಕರೆದಳು. "ಇಷ್ಟು ವರ್ಷ ನಾನು ಎಲ್ಲವನ್ನೂ ನನ್ನ ಗಂಡ ಎಂಬ ಆ ಮನುಷ್ಯನ ತಲೆಗೆ ಕಟ್ಟಿದ್ದೆನಲ್ಲ!"

"ಎಲ್ಲವೂ ರಸ್ತೆಯದ್ದಲ್ಲ ಗ್ರೇಸಿ. ಒಬ್ಬರ ನಾಲ್ಕು ಯಾಕೆ ನಾಲ್ಕು ಅಂತ ಹೇಳಲು ಆಗುವುದಿಲ್ಲವಂತೆ. ಎಲ್ಲರನ್ನೂ ಸೇರಿಸಿ ನೋಡಿದರೆ ರಸ್ತೆಯ ಪಾಲು ಕಾಣುತ್ತದಂತೆ, ಅಷ್ಟೇ."

"ಹಾಗಾದರೆ ಉಳಿದದ್ದು ಅವನದೇ." ಇಬ್ಬರೂ ನಕ್ಕೆವು. ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು. ಎದ್ದು ಹೋಗಿ ಆ ಕಿಟಕಿಯನ್ನು ಎಳೆದು ಮುಚ್ಚಿ, ತನ್ನ ಮನೆಯ ಹಿಂದಿನ ಬಾಲ್ಕನಿಯ ಬಾಗಿಲನ್ನು ಪೂರ್ತಿ ತೆರೆದು ಬಂದಳು. ತೋಡಿನ ಕಡೆಯಿಂದ ತೆಳುವಾಗಿ ಗಾಳಿ ಬಂತು. ಸಿಪ್ಪೆಗಳು ನೆಲದ ಮೇಲೆ ಸರಿದವು. ಕೆಳಗೆ ಬಸ್ಸೊಂದು ನಿಂತು ಹೊರಟಿತು. ಒಳಕೋಣೆಯಲ್ಲಿ ಸಂಹಿತಾ ಕೆಮ್ಮಿ ಮಗ್ಗುಲಾದಳು.

ಗ್ರೇಸಿ ಮತ್ತೆ ಕೂತು ಚಾಕು ಎತ್ತಿಕೊಂಡಳು. ನನ್ನ ಕಡೆ ನೋಡದೆ ಕೇಳಿದಳು.

"ನಿನ್ನದು ಎಷ್ಟು ಹರಿಣಿ? ನಿನ್ನನ್ನು ಯಾರೂ ಕೇಳಲೇ ಇಲ್ಲವಲ್ಲ."

ಎಂಟು ಎಂಬುದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ನಾನು ಅದನ್ನು ನುಂಗಿ, ಬುಟ್ಟಿಯಿಂದ ಮೊದಲು ಒಂದು ಉಳ್ಳಿ ತೆಗೆದುಕೊಂಡೆ.